ಎಂಟು ಪದರು ಸೋಸಿದ ನೀರು

ರಸ್ತೆಯಾಚೆ ತಂತಿಯ ಮೇಲೆ ಬಿಳಿ ಬಟ್ಟೆಯೊಂದು ಗಾಳಿಗೆ ಹೊಟ್ಟೆ ಉಬ್ಬಿಸುತ್ತದೆ, ಮತ್ತೆ ಸೋತು ಜೋಲುತ್ತದೆ — ಅವ್ವನ ನೀರು ಸೋಸುವ ಅರಿವಿ, ಒಣಗಿರಬೇಕು, ಒಣಗಿದರೂ ವಾಸನೆ ಹೋಗಿರುವುದಿಲ್ಲ, ಎಂದುಕೊಂಡ ಪಾಯಪ್ಪ, ಎಂದುಕೊಂಡದ್ದು ಯಾರಿಗಾದರೂ ಕೇಳಿಸೀತೆಂಬಂತೆ ಕಣ್ಣನ್ನು ಇತ್ತ ಎಳೆದುಕೊಂಡ, ಇತ್ತ ಅವನ ಪೆಟ್ರೋಲ್ ಪಂಪಿನ ಅಂಗಳದಲ್ಲಿ ಇಲಾಖೆಯಿಂದ ತಪಾಸಣೆಗೆ ಬಂದ ಪೂನಮ್ ಮೇಡಮ್ಮು ಮೊಣಕಾಲೂರಿ ನೆಲದೊಳಗಿನ ಟ್ಯಾಂಕಿನ ಮುಚ್ಚಳದ ಮೇಲೆ ಬಗ್ಗಿದ್ದಾಳೆ, ಬೀಳಗಿ ಕಡೆಯವಳಂತೆ, ವಯಸ್ಸು ಅವನ ಮಗಳಷ್ಟು, ಕನ್ಯೆ ನೋಡಲು ಬಂದ ಹಿರಿಯರ ಹಾಗೆ ಕೇಳುವುದು ಕಡಿಮೆ, ನೋಡುವುದು ಹೆಚ್ಚು — ಅಪ್ಪ ಹೂಳಿಸಿದ ಟ್ಯಾಂಕು ಅದು, ಆವತ್ತು ಅರ್ಧ ತೇರದಾಳ ನೋಡಲು ಬಂದಿತ್ತಂತೆ, ಸತ್ತ ಆನೆಯನ್ನು ಮಣ್ಣು ಮಾಡುತ್ತಿದ್ದಾರೇನೋ ಎಂಬಂತೆ, ಒಂದೇ ಗೋಡೆಯ ಕಬ್ಬಿಣ, ಈಗ ಯಾರೂ ಅಂಥದ್ದನ್ನು ಹೂಳುವುದಿಲ್ಲ, ಎರಡು ಗೋಡೆಯದು ಕೊಡ್ತೀವಿ, ಹಳೇದನ್ನ ಕಿತ್ತ ಹಾಕೂಣು ಎಂದು ಕಂಪನಿಯವರು ಬಂದಾಗಲೆಲ್ಲ ಪಾಯಪ್ಪ ಅವರಿಗೆ ಚಹಾ ಕುಡಿಸಿ, ಕಬ್ಬಿನ ಹಂಗಾಮ ಮುಗೀಲ್ರಿ ಅಂದ, ಹಂಗಾಮ ಮುಗಿದರೆ ಲಗ್ನದ ಸೀಜನ್ನು, ಲಗ್ನ ಮುಗಿದರೆ ಮಳೆಗಾಲ, ಮಳ್ಯಾಗ ಯಾರರ ನೆಲಾ ಅಗೀತಾರೇನ್ರಿ, ಮಳೆ ಮುಗಿದರೆ ಮತ್ತೆ ಕಬ್ಬಿನ ಹಂಗಾಮ, ವರ್ಷವೆಂಬುದು ಹೀಗೆ ದುಂಡಗಿರುವುದೇ ಮುಂದೂಡುವವರ ಪುಣ್ಯ — ಇಗೋ ಈಗಲೂ ಎರಡು ಟ್ರೇಲರು ಕಬ್ಬು ಜಗ್ಗುತ್ತ ಟ್ರ್ಯಾಕ್ಟರೊಂದು ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಜಮಖಂಡಿ ಕಡೆ ಹೋಗುತ್ತದೆ, ನೆಲ ಅದುರುತ್ತದೆ, ನೆಲದೊಳಗಿರುವುದೂ ಅದುರಿರಬೇಕು.

ಸಲಾಕೆ ಬಿಡ್ರಿ, ಎಂದಳು ಪೂನಮ್, ಹಾಲಸಿದ್ದಪ್ಪ ಅಳತೆಯ ಸಲಾಕೆಯ ತುದಿಗೆ ಪೇಸ್ಟು ಹಚ್ಚುತ್ತಾನೆ, ಅಪ್ಪನ ಕಾಲದಿಂದ ಪಂಪಿನಲ್ಲಿರುವ ಆಳು, ಮದುಮಗನಿಗೆ ಅರಿಶಿನ ಹಚ್ಚುವವರೂ ಇಷ್ಟು ಹಗುರಾಗಿ ಹಚ್ಚಲಾರರು, ನೀರು ತಾಕಿದರೆ ಕೆಂಪಾಗುವ ಪೇಸ್ಟು ಅದು, ದಸರೆಯ ಆಸುಪಾಸು ಒಂದು ಬೆಳಿಗ್ಗೆ ಹೀಗೇ ಸಲಾಕೆ ಎತ್ತಿ ತಂದು ಮುಖದ ಮುಂದೆ ಹಿಡಿದಿದ್ದ, ಸಾವ್ಕಾರ್ರ, ಕೆಂಪಾಗೈತ್ರಿ, ಮಳಿ ನೀರು ಇಳಿದಿರಬೇಕ ತಗೋಲೇ, ಮಳಿ ಎಲ್ಲಿ ಆಗೈತ್ರಿ, ಹಂಗಾರ ಯಾರರ ಮುಚ್ಚಳ ತೊಳದಿರಬೇಕು, ಹೌದ್ರಿ ತೊಳದಿರಬೇಕು, ಎಂದು ಹಾಲಸಿದ್ದಪ್ಪ ಸಾಹುಕಾರನ ಮುಖವನ್ನೇ ನೋಡುತ್ತ ಒಪ್ಪಿಕೊಂಡಿದ್ದ, ಒಪ್ಪಿಕೊಂಡ ರೀತಿಯಲ್ಲೇ ಒಪ್ಪಿಲ್ಲವೆಂಬುದು ತಿಳಿಯುತ್ತಿತ್ತು, ಕಾಲುವೆ ನೀರು ಕಬ್ಬಿಗೆ ಬಿಟ್ಟಾಗ ಸುತ್ತಲಿನ ನೆಲವೆಲ್ಲ ನೆನೆದು ಏರುತ್ತದೆ, ಹೊರಗಿನ ನೀರು ಟ್ಯಾಂಕಿನೊಳಗೆ ಬಂದಿದ್ದರೆ ಒಳಗಿನದು ಹೊರಗೂ ಹೋಗಿರಬೇಕು, ತೂತಿಗೆ ಒಳಬಾಗಿಲು ಹೊರಬಾಗಿಲು ಎಂದು ಬೇರೆ ಬೇರೆ ಇರುವುದಿಲ್ಲ, ಇದನ್ನು ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ, ತಿಳಿದೂ ಸುಮ್ಮನಿರಲು ಮಾತ್ರ ಪಾಯಪ್ಪನಂಥ ಒಳ್ಳೆಯ ಮನುಷ್ಯ ಬೇಕು, ಊರಲ್ಲಿ ಯಾರ ಜಗಳಕ್ಕೂ ಹೋಗದ, ಬಸದಿಗೆ ಕೇಳಿದ್ದು ಕೊಡುವ, ಯಾರಿಗೂ ಇಲ್ಲ ಎನ್ನಲು ಬಾರದ — ಆವತ್ತಿನಿಂದ ಅವನಿಗೆ ಕ್ಯಾನಿನ ನೀರು, ಡಾಕ್ಟರ ಹೇಳ್ಯಾರ ಬೇ ಅವ್ವಾ, ನೀನೂ ಇದನ್ನ ಕುಡಿ, ಅವ್ವ ಕ್ಯಾನನ್ನು ಸುತ್ತು ಹಾಕಿ ನೋಡಿ, ಇದರಾಗಿನ ಜೀವ ಎಲ್ಲಿಗಿ ಹೊಳ್ಳಿ ಬಿಡ್ಲೋ? ಕಂಪನಿಗೆ ಪೋಸ್ಟ್ ಮಾಡ್ಲೇನು? ಎಂದಳು.

ಪಂಪು ಮುಚ್ಚಿದರೆ ಮುಚ್ಚಲಿ, ಹೆದರಿಕೆ ಅದಲ್ಲ, ಅದು ಎಂದೂ ಅಲ್ಲ — ಅವ್ವನದು ವ್ರತ, ರಸ್ತೆಯಾಚೆ ಮನೆಯ ಹಿತ್ತಲಿನ ಬಾವಿಯ ನೀರೇ ಆಗಬೇಕು, ತಾನೇ ಸೇದಬೇಕು, ತಾನೇ ಸೋಸಬೇಕು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಲ್ಲೇ ತೊಳೆದು ತಾಮ್ರದ ಗಿಂಡಿಗೆ ಇಳಿಸಿಕೊಳ್ಳಬೇಕು, ಜೀವಾಣಿ ಎನ್ನುತ್ತಾಳೆ ಅದಕ್ಕೆ, ಎಲ್ಲಿಂದ ಬಂದವೋ ಅಲ್ಲಿಗೇ ಅವನ್ನು ಮರಳಿಸಬೇಕು, ಅದೂ ಮೇಲಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಸತ್ತಾವು, ಗಿಂಡಿಯ ಅಡಿಗೊಂದು ಕೊಂಡಿ, ಅದಕ್ಕೆ ಕಟ್ಟಿದ ಹಗ್ಗವನ್ನು ಬಾಯಂಚಿಗೆ ಸಿಕ್ಕಿಸಿ ಬಿಡುತ್ತ ಬಿಡುತ್ತ ಹೋಗಬೇಕು, ನೀರು ಮುಟ್ಟಿ ಹಗ್ಗ ಸಡಿಲಾದರೆ ಗಿಂಡಿ ತಾನೇ ಮಗ್ಗುಲಾಗುತ್ತದೆ — ಚಿಕ್ಕಂದಿನಲ್ಲಿ ಬಾವಿಯ ಕಟ್ಟೆಯ ಮೇಲೆ ಹೊಟ್ಟೆ ಆನಿಸಿ ಮಲಗಿ ನೋಡುತ್ತಿದ್ದ ಪಾಯಪ್ಪ, ಏನ ಬಿದ್ದೂವ ಬೇ, ಏನೂ ಕಾಣವೊಲ್ಲದು, ನಿನಗ ಕಾಣ್ಸಲಿಲ್ಲಂದ್ರ ಅವು ಇಲ್ಲೇನು, ನೀ ಹೊಟ್ಯಾಗಿದ್ದಾಗ ನನಗೂ ನೀ ಕಂಡಿದ್ದಿಲ್ಲ — ಗಿಂಡಿ ಮಗ್ಗುಲಾಗುವಾಗ ಒಂದು ಸಣ್ಣ ಗುಳುಕ್, ಬಾವಿಯೇ ಹ್ಞೂಂ ಎಂದಂತೆ — ಮಡದಿಯ ತವರು ರಬಕವಿ, ಅಲ್ಲಿನ ತೋಟದ ಬಾವಿಯಿಂದ ಬೈಕಿನ ಮೇಲೆ ಕೊಡ ತಂದೂ ನೋಡಿದ, ವ್ರತದೊಳಗ ಇಷ್ಟ ಸಡಲ ಬಿಟ್ಟೇನಿ ನೋಡು ನಿನ್ನ ಸಲುವಾಗಿ ಎಂದು ಅವ್ವ ಒಪ್ಪಿದಳು, ಒಪ್ಪಿ, ಜೀವಾಣಿ ತುಂಬಿದ ಗಿಂಡಿಯನ್ನು ಅವನ ಕೈಗೇ ಕೊಟ್ಟಳು, ಅವು ಅಲ್ಲೀವು, ಅಲ್ಲೇ ಬಿಟ್ಟ ಬಾ, ಕೆಲವು ದಿನ ಪೆಟ್ರೋಲ್ ಪಂಪಿನ ಸಾಹುಕಾರ ತೊಡೆಯ ನಡುವೆ ಗಿಂಡಿ ಇಟ್ಟುಕೊಂಡು ತುಳುಕದಂತೆ ಗೇರು ಬದಲಿಸುತ್ತ ರಬಕವಿಗೆ ಹೋಗಿಬಂದ, ದಾರಿಯಲ್ಲಿ ಕಂಡವರೆಲ್ಲ, ಪಾಯಪ್ಪಣ್ಣಾರ, ಬಸದಿ ಗಂಧೋದಕೇನ್ರಿ? ಎಂದು ಕೈ ಚಾಚಿದರು, ಒಬ್ಬನಂತೂ ಬೆರಳದ್ದಿ ತಲೆಗೂ ಹಚ್ಚಿಕೊಂಡ, ಆಮೇಲೆ ಹಂಗಾಮ ಜೋರಾಯಿತು, ಪುರುಸೊತ್ತಿಲ್ಲ ಬೇ ಎಂದ, ಅವ್ವ ತನ್ನ ಬಾವಿಗೆ ಮರಳಿದಳು, ನೀರು ಘಂ ಅಂತೈತಲ್ಲೋ ಪಾಯಪ್ಪಾ, ನಿನ್ನ ಪಂಪಿನ ಗಾಳಿ ಹೊಡದಿರಬೇಕು ಎಂದು ಎರಡು ಪದರಿದ್ದ ಬಟ್ಟೆಯನ್ನು ನಾಲ್ಕು ಮಾಡಿದಳು, ನಾಲ್ಕನ್ನು ಎಂಟು ಮಾಡಿದಳು, ನೀರು ತೊಟ್ಟು ತೊಟ್ಟಾಗಿ ಇಳಿಯುವುದನ್ನು ಜಪಸರ ಹಿಡಿದು ಕಾಯುತ್ತ ಕೂತಳು, ಆಮೇಲೊಂದು ದಿನ ಬಾವಿಗೆ ಬಗ್ಗಿ, ಇಲ್ಲಿ ನೋಡಬಾ, ನವಿಲಗರಿ ಬಣ್ಣ ಕಾಣ್ತೈತಿ ನೀರಾಗ, ಮುನಿ ಮಹಾರಾಜರು ಆಹಾರಕ್ಕ ಬಂದಾಗ ಇದ ಬಾವಿ ನೀರ ತಗೊಂಡ್ರಲ್ಲ, ಅವರ ಕೈಯಾಗಿನ ನವಿಲಗರಿ ಪಿಂಛಿ ಆಶೀರ್ವಾದ ಇರಬೇಕು, ಎಂದು ತಾನೇ ನಕ್ಕಳು, ಅರ್ಧ ಚೇಷ್ಟೆ, ಅರ್ಧ ನಂಬಿಕೆ, ಪಾಯಪ್ಪ ನೋಡಿದ, ಹಸಿರು, ನೇರಳೆ, ಹೊನ್ನು, ಬಣ್ಣಗಳು ಒಂದರೊಳಗೊಂದು ಹರಿದಾಡುತ್ತಿದ್ದವು, ಅಪ್ಪನ ಕಾಲದಿಂದ ಪಂಪಿನ ಹಸಿ ನೆಲದ ಮೇಲೆ ಕಂಡ ಬಣ್ಣಗಳೇ, ಹೌದಲ್ಲ ಬೇ, ಛಲೋ ಕಾಣ್ತೈತಿ ಎಂದ, ನಾಲಿಗೆ ಯಾಕೆ ಬೀಳಲಿಲ್ಲ, ಅವನೆದುರೇ ಗಿಂಡಿ ಆ ಬಣ್ಣದೊಳಕ್ಕೆ ಇಳಿಯಿತು, ಮುಟ್ಟಿತು, ಮಗ್ಗುಲಾಯಿತು.

ಕೆಂಪ ಐತಿ, ಎಂದಳು ಪೂನಮ್, ಸಲಾಕೆಯ ತುದಿ ನೋಡುತ್ತ, ದನಿಯಲ್ಲಿ ಗೆದ್ದವರ ಖುಷಿಯಿಲ್ಲ, ಇರಬೇಕಿತ್ತು, ಇದ್ದಿದ್ದರೆ ಸಿಟ್ಟು ಮಾಡಬಹುದಿತ್ತು, ಪಾಯಪ್ಪಣ್ಣಾರ, ಟ್ಯಾಂಕ್ ಇವತ್ತ ಖಾಲಿ ಮಾಡಸ್ಬೇಕ್ರಿ, ನೆಲಾ ಅಗಸಿ ಮಣ್ಣ ಪರೀಕ್ಷಾ ಆಗಬೇಕು, ಆತ್ರಿ, ಎಂದ ಪಾಯಪ್ಪ, ಅಲುಗುವ ಹಲ್ಲು ಕಿತ್ತಷ್ಟು ಸಲೀಸಾಗಿ ಬಂತು ಮಾತು, ಇನ್ನೊಂದ ಕೇಳ್ತೇನ್ರಿ, ಸುತ್ತಮುತ್ತ ಕುಡಿಯೂ ನೀರಿನ ಬಾವಿ ಏನರ ಐತೇನ್ರಿ? ಇದ್ರ ಅದಕ್ಕೂ ಇವತ್ತ ಮುಚ್ಚಳ ಹಾಕಿ ಸೀಲ್ ಮಾಡ್ತೇನಿ, ನೀರೂ ಪರೀಕ್ಷಾ ಮಾಡಸ್ತೇನಿ — ಇದೆ, ಎನ್ನಬೇಕು, ಎರಡಕ್ಷರ, ಎಂದರೆ ಬಾವಿ ಹೋಗುತ್ತದೆ, ಬಾವಿ ಹೋದರೆ ಹೋಗಲಿ, ರಬಕವಿಗೆ ಆಯುಷ್ಯವೆಲ್ಲ ಗಿಂಡಿ ಹೊತ್ತೇನು, ಆದರೆ ಯಾಕೆ ಎಂದು ಅವಳು ಕೇಳುತ್ತಾಳೆ, ಕೇಳಿದರೆ ಹೇಳಬೇಕು, ನೀ ಕುಡಿದದ್ದು ಪೆಟ್ರೋಲು ಎಂದು ಹೇಳಿಯೇನು, ಅದನ್ನು ಅವಳು ತಡೆದಾಳು, ನೀ ಬಿಟ್ಟ ಜೀವಗಳು — ಅದನ್ನು ಹೇಗೆ, ಅದನ್ನು ಯಾವ ಬಾಯಿಂದ — ಬಾವಿ ಅಂದ್ರ ಒಂದೈತ್ರಿ ಮೇಡಂ, ಎಂದ ಹಾಲಸಿದ್ದಪ್ಪ, ಧಣಿಯ ಉಪ್ಪಿನ ಋಣ ಗಂಟಲಿಗೆ ಬಂದು, ಹಾಳ ಬಾವಿರಿ, ಅದರ ನೀರ ಯಾರೂ ಮುಟ್ಟಂಗಿಲ್ರಿ, ಸುಳ್ಳಿಗೂ ಒಂದು ಗಳಿಗೆ ಆಯುಷ್ಯ ಇರಬೇಕು, ಇದಕ್ಕೆ ಅದೂ ಇರಲಿಲ್ಲ, ರಸ್ತೆ ದಾಟಿ ಅವ್ವ ಬರುತ್ತಿದ್ದಾಳೆ, ಪದ್ಮವ್ವ, ಬಿಳಿ ಸೀರೆಯ ಸೆರಗು ತಲೆ ತುಂಬ, ಒಂದು ಕೈಯಲ್ಲಿ ಹಿತ್ತಾಳೆ ತಂಬಿಗೆ, ಇನ್ನೊಂದರಲ್ಲಿ ಸ್ಟೀಲಿನ ಗ್ಲಾಸು, ಏ ತಂಗಿ, ಎಷ್ಟೊತ್ತಾತ ಬೇ ಬಿಸಲಾಗ ಕುಂತು, ಇವ್ರಿಗಿ ನೀರರ ಕೇಳೂ ಬುದ್ಧಿ ಇಲ್ಲ, ತಗೋ, ಮುಂಜಾನೆ ಸೋಸೇನಿ, ಎಂಟ ಪದರಿಂದು.

ಹಾಲಸಿದ್ದಪ್ಪ ಆಕಾಶ ನೋಡುತ್ತಾನೆ, ಪೂನಮ್ ಟೊಪ್ಪಿಗೆ ತೆಗೆದು ಬೆವರೊರೆಸಿ ಆಯಿ, ದೇವರಂಗ ಬಂದ್ರಿ ಎಂದು ಗ್ಲಾಸು ತೆಗೆದುಕೊಳ್ಳುತ್ತಾಳೆ, ಬಾಯಾರಿದ ಹುಡುಗಿ, ಮೂಸಿ ನೋಡಲು ನೆನಪಾಗದಷ್ಟು ಬಾಯಾರಿದವಳು, ದಿನವಿಡೀ ಪೆಟ್ರೋಲಿನ ಮೇಲೆ ಬಗ್ಗಿ ಮೂಗು ಸತ್ತಿದೆ, ಗ್ಲಾಸು ಏರುತ್ತದೆ, ತುಟಿ ತೆರೆಯುತ್ತದೆ, ಒಂದು ಗುಟುಕಿಗೆ ಏನೂ ಆಗುವುದಿಲ್ಲ, ಅವ್ವನಿಗೆ ಏನಾಗಿದೆ, ಏನಾಗಿದೆಯೆಂದು ಕೇಳಿದ್ದೀಯಾ, ಮಗಳಷ್ಟು ವಯಸ್ಸು, ಮೇಡಂ ಅದನ್ನ ಕುಡೀಬ್ಯಾಡ್ರಿ — ಯಾರು ಕೂಗಿದ್ದು, ತಾನೇ, ಇಷ್ಟು ಜೋರಾಗಿ ಪಾಯಪ್ಪ ಅವ್ವನೆದುರು ಎಂದೂ ಮಾತಾಡಿಲ್ಲ, ಯಾಕೋ ಪಾಯಪ್ಪಾ, ಸೋಸಿದ್ದೈತಿ, ಗೊತ್ತೈತಿ ಬೇ, ಟ್ಯಾಂಕ್ ಸೋರಿ ನಮ್ಮ ಬಾವಿಗಿ ಹತ್ತೈತಿ, ದಸರಾದಾಗ ನನಗ ಗೊತ್ತಿತ್ತು, ಪೂನಮ್ ಗ್ಲಾಸನ್ನು ಮೂಗಿನ ಹತ್ತಿರ ತಂದಳು, ಕೆಳಗಿಳಿಸಿದಳು, ಆಯಿ, ಇದು ಎಂಟಲ್ಲ ನೂರು ಪದರಿಗೂ ನಿಲ್ಲಂಗಿಲ್ರಿ, ಎಂದಳು ಮೆತ್ತಗೆ, ಬೈಯಲಿ ಈಗ, ಹೊಡೆಯಲಿ, ನಡುರಸ್ತೆಯಲ್ಲಿ ನಿನ್ನ ಹಡದಿದ್ದಕ್ಕ ಹಳಹಳಿ ಆಗತೈತಿ ಅನ್ನಲಿ, ಅವ್ವ ಬೈಯಲಿಲ್ಲ, ತಾನು ಕುಡಿದದ್ದನ್ನು ಕೇಳಲಿಲ್ಲ, ವ್ರತವನ್ನು ಕೇಳಲಿಲ್ಲ, ತಂಬಿಗೆಯೊಳಗೆ ನೋಡುತ್ತ, ಅದರೊಳಗಿದ್ದವರಿಗೆ ಕೇಳಿಸದಿರಲೆಂಬಂತೆ ದನಿ ತಗ್ಗಿಸಿ ಕೇಳಿದಳು, ಹಂಗಾರ ಪಾಯಪ್ಪಾ, ಇವತ್ತ ಮುಂಜಾನೆ ನಾ ಹೊಳ್ಳಿ ಬಿಟ್ಟ ಬಂದ ಜೀವಗೋಳು? — ಕಬ್ಬಿನ ಹಂಗಾಮದ ಮತ್ತೊಂದು ಟ್ರ್ಯಾಕ್ಟರು ಹೋಯಿತು, ಬಟ್ಟೆ ಉಬ್ಬಿತು, ಸೋತಿತು, ನೋಡುತ್ತಾನೆ, ಇವತ್ತಿನ ಮುಂಜಾನೆಯ ಹಗ್ಗ ಕಣ್ಣೊಳಗೆ ಮತ್ತೆ ಇಳಿಯುತ್ತಿದೆ, ಅವಳ ಕೈ ಅವಸರ ಮಾಡುವುದಿಲ್ಲ, ಪೆಟ್ಟಾಗಬಾರದು, ಗಿಂಡಿ ಹಸಿರನ್ನು ಮುಟ್ಟುತ್ತದೆ, ನೇರಳೆಯನ್ನು ಮುಟ್ಟುತ್ತದೆ, ಹಗ್ಗ ಸಡಿಲಾಗುತ್ತದೆ, ಮಗ್ಗುಲಾಗುತ್ತದೆ — ಗಿಂಡಿ ಮಗ್ಗುಲಾಗುತ್ತದೆ — ಮೆಲ್ಲಗೆ, ಒಂದಕ್ಕೂ ನೋವಾಗದ ಹಾಗೆ, ಗಿಂಡಿ —