ಲಾಂಚು ಸಿಕ್ಕಿಕೊಂಡ ರಾತ್ರಿ ಅಕ್ಕ ಎಲ್ಲಿದ್ದಳು

ಬಟ್ಟೆಯ ಚಿತ್ರಕ್ಕೆ ಅಂಚಿನ ಪಟ್ಟಿ ಹೊಲಿಯುವುದೊಂದೇ ಬಾಕಿಯಿತ್ತು. ಮಾರನೆಯ ದಿನ ಹತ್ತು ಗಂಟೆಗೆ ಆಸ್ಪತ್ರೆಯವರು ಒಯ್ದು, ರೋಗಿಗಳು ಕಾಯುವ ಕೋಣೆಯ ಗೋಡೆಗೆ ನೇತುಹಾಕುವವರಿದ್ದರು. ನಲವತ್ತು ವರ್ಷ ಬೇರೆಯವರ ಅಳತೆಗೆ ಹೊಲಿದ ನಾನು ನನ್ನ ಮನಸ್ಸಿಗೆ ಬಂದಂತೆ ಮಾಡಿದ ಮೊದಲನೆಯ ಕೆಲಸ ಅದು. ಆ ಆಸ್ಪತ್ರೆಯ ಸಮವಸ್ತ್ರಗಳನ್ನೆಲ್ಲ ಹೊಲಿಯುವವಳು ನಾನೇ. ಚೂರುಬಟ್ಟೆಯಲ್ಲಿ ದಿಂಬಿನ ಮೇಲೆ ಮಾಡಿದ್ದ ಹಕ್ಕಿಯನ್ನು ನೋಡಿ ಹಿರಿಯ ನರ್ಸಮ್ಮ, "ಗೋಡೆ ಬೋಳು ಬೋಳಾಗಿದೆ ಕಣ್ರೀ, ಏನಾದ್ರೂ ದೊಡ್ಡದು ಮಾಡಿಕೊಡಿ" ಅಂದಿದ್ದರು. ಏನು ಮಾಡಲಿ ಎಂದು ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಬರಲಿಲ್ಲ. ನನ್ನ ಹದಿನೇಳನೆಯ ವಯಸ್ಸಿನ ಆ ರಾತ್ರಿ ತಾನಾಗಿಯೇ ಬಂದು ಕತ್ತರಿಯ ಮುಂದೆ ಕೂತಿತು.

ಮದುವೆಯವರು ಬಾಡಿಗೆಗೆ ಹಿಡಿದಿದ್ದ ಲಾಂಚೊಂದು ಅವತ್ತು ನದಿಯ ನಡುವೆ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತ್ತು. ಎಳೆಯುವ ದೋಣಿ ಬೆಳಗಾಗದೆ ಬರುವಂತಿರಲಿಲ್ಲ. ಮೈತುಂಬ ದೀಪ ಹೊತ್ತಿಸಿಕೊಂಡು ಲಾಂಚು ನಿಂತೇ ಇತ್ತು. ಬೇರೆ ದಾರಿ ಕಾಣದೆ ವಾದ್ಯದವರು ಬಾರಿಸುತ್ತಲೇ ಇದ್ದರು. ಊರಿಗೆ ಊರೇ ದಡದಲ್ಲಿ ನಿಂತು ಕೇಳಿತು. ನಾನು, ಅಕ್ಕ, ಗುಂಗುರು ಕೂದಲಿನಿಂದಾಗಿ ಗುಂಗುರಿ ಎಂದೇ ಹೆಸರಾಗಿದ್ದ ಗೆಳತಿ, ಮೂವರೂ ಅಪ್ಪನಿಗೆ ಗೊತ್ತಾಗದಂತೆ ಹಿಂಬಾಗಿಲಿನಿಂದ ಜಾರಿಕೊಂಡಿದ್ದೆವು. ಕೊರೆಯುವ ಚಳಿ. ಅಕ್ಕನ ಕೆಂಪು ಕೋಟಿನ ಜೇಬಿನಲ್ಲಿ ಕೈ ತೂರಿಸಿಕೊಂಡು ಬೆಳಗಿನ ತನಕ ನಿಂತಿದ್ದೆ.

ಅದನ್ನೇ ಮಾಡಿದ್ದೆ. ಕಡುನೀಲಿ ಪ್ಯಾಂಟಿನ ಬಟ್ಟೆಯ ನದಿ, ನರ್ಸುಗಳ ಬಿಳಿಯ ಚೂರುಗಳ ಲಾಂಚು, ಈಚೆ ದಡದಲ್ಲಿ ಬೆನ್ನು ತೋರಿಸಿ ನಿಂತ ಮೂವರು ಹುಡುಗಿಯರು. ನಡುವಿನವಳದು ಕೆಂಪು ಕೋಟು. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ. ಆಸ್ಪತ್ರೆಯವರು ಒಯ್ಯುವ ಹಿಂದಿನ ದಿನ ಮಧ್ಯಾಹ್ನ ಕರೆಸಿ, ಮೇಜಿನ ಮೇಲೆ ಹರಡಿ ತೋರಿಸಿದೆ.

ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಇದ್ಯಾರೇ, ಈ ಕೆಂಪು ಕೋಟಿನೋಳು?"

"ನೀನೇ, ಅಕ್ಕ."

"ನಾನಾ? ನಾನು ಬಂದೇ ಇರಲಿಲ್ವಲ್ಲೇ."

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ನೀವಿಬ್ಬರು ಹೋದ್ರಿ. ಒಳಗಿಂದ ಚಿಲಕ ಹಾಕೋಕೆ ಒಬ್ಬರು ಬೇಕಲ್ಲ? ಅಪ್ಪ ಎದ್ದು ಚಿಕ್ಕೋಳು ಎಲ್ಲಿ ಅಂದ್ರೆ ಸುಳ್ಳು ಹೇಳೋಕೂ ಒಬ್ಬರು ಬೇಕು. ನಿನ್ನ ಹಾಸಿಗೇಲಿ ದಿಂಬು ಮಲಗಿಸಿ, ರಾತ್ರಿಯೆಲ್ಲ ನಿನ್ನ ಪರವಾಗಿ ಕೆಮ್ಮಿದ್ದೂ ನಾನೇ."

"ಮತ್ತೆ ಜೇಬು? ನಿನ್ನ ಜೇಬಲ್ಲಿ ಕೈ ಇಟ್ಕೊಂಡಿದ್ನಲ್ಲ!"

"ಯಾರ ಜೇಬಿಗೆ ಕೈ ಹಾಕಿದ್ಯೋ, ನಂಗೇನು ಗೊತ್ತು ತಾಯಿ!"

ನಾನು ಬಿಡಲಿಲ್ಲ. ಆ ಕೋಟು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಅಗಲ ಕಾಲರು, ಓರೆ ಜೇಬು, ಜೇಬಿನ ಬಾಯಿಗೆ ಎರಡು ಸಾಲು ಹೊಲಿಗೆ ಎಂದು ಒಂದೊಂದೇ ಹೇಳುತ್ತ ಹೋದವಳಿಗೆ ಅಲ್ಲಿಗೇ ಮಾತು ನಿಂತಿತು. ಓರೆ ಜೇಬಿಗೆ ಎರಡು ಸಾಲು ಹಾಕುವುದು ನನ್ನ ಪದ್ಧತಿ. ನಾನು ಹೊಲಿಗೆ ಕಲಿತದ್ದು ಹತ್ತೊಂಬತ್ತಕ್ಕೆ. ಅಕ್ಕ ಗಂಡನ ಮನೆಗೆ ಹೊರಟಾಗ ಹೊಲಿದುಕೊಟ್ಟ ಕೋಟು ಅದು. ನಾನು ಹೊಲಿದ ಮೊಟ್ಟಮೊದಲ ಕೋಟು. ಎರಡು ವರ್ಷ ಆಮೇಲೆ ಹುಟ್ಟಿದ ಕೋಟಿನ ಜೇಬಿನಲ್ಲಿ ನಾನು ಆ ರಾತ್ರಿ ಕೈ ಇಟ್ಟದ್ದಾದರೂ ಹೇಗೆ? ಬೆರಳಿಗೆ ತಗುಲಿದ ಬಿಸುಪು ಮಾತ್ರ ಈಗಲೂ ಹಾಗೇ ಇತ್ತು.

ಗುಂಗುರಿಗೆ ಫೋನು ಹಚ್ಚಿದೆ. ಅವಳು ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ.

"ಅಕ್ಕನಾ? ಅಕ್ಕ ಎಲ್ಲಿದ್ಲೇ ಅಲ್ಲಿ? ಯಾರೋ ಒಬ್ಬಳು ಅಜ್ಜಿ ನಿನ್ನನ್ನ ತನ್ನ ಶಾಲಿನೊಳಗೆ ಎಳ್ಕೊಂಡಿದ್ಲು. ಅಥವಾ ಅದು ಬೇರೆ ದಿನನೋ... ಇರು, ವಾದ್ಯ ಅಂದ್ಯಾ? ಯಾವ ವಾದ್ಯ? ಲಾಂಚಿನೋರೆಲ್ಲ ಕೂಗಾಡ್ತಾ ಇದ್ರು, ಮಕ್ಕಳು ಅಳ್ತಾ ಇದ್ವು. ಗಿರಾಕಿ ಬಂದ್ರು ಕಣೇ, ಆಮೇಲೆ ಮಾಡ್ತೀನಿ."

ವಾದ್ಯವೂ ಹೋಯಿತು. ಫೋನು ಕೆಳಗಿಟ್ಟು ಕೂತೆ. ನಡೆದದ್ದು ಅಂತ ಹೇಳಿಕೊಂಡು ನಡೆಯದೇ ಇದ್ದದ್ದನ್ನು ಗೋಡೆಗೆ ಹಾಕುವುದೇ? ಗಿರಾಕಿಯ ಅಳತೆ ತಪ್ಪಿದರೆ ಎಲ್ಲಿಂದ ಬಿಚ್ಚಬೇಕೆಂದು ಕೈಗೇ ಗೊತ್ತಿರುತ್ತದೆ. ಇದನ್ನು ಎಲ್ಲಿಂದ ಬಿಚ್ಚಲಿ? ಕೊನೆಗೆ, ಬರದೇ ಇದ್ದವಳನ್ನು ತೆಗೆದುಬಿಡುವುದೇ ನ್ಯಾಯ ಅನ್ನಿಸಿ ಬ್ಲೇಡು ಕೈಗೆತ್ತಿಕೊಂಡೆ.

ಅಕ್ಕ ನೋಡುತ್ತಲೇ ಇದ್ದಳು. "ನನ್ನ ಕಿತ್ತುಹಾಕ್ತೀಯೇನೇ?"

"ಸುಳ್ಳಲ್ವಾ ಅಕ್ಕ?"

"ಸುಳ್ಳೇ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಕರೆದಿದ್ರೆ ಬರ್ತಿದ್ದೆ. ಚಿಲಕಕ್ಕೆ ಒಂದು ದಾರ ಕಟ್ಟಿ ಹೊರಗಿಂದ ಎಳೆದಿದ್ರೂ ಆಗ್ತಿತ್ತು. ಇಬ್ಬರಲ್ಲಿ ಒಬ್ಬರಿಗೂ ಹೊಳೀಲಿಲ್ಲ."

ನಲವತ್ತೈದು ವರ್ಷದಲ್ಲಿ ಅವಳು ಈ ಮಾತು ಎತ್ತಿದವಳಲ್ಲ. ಅವಳನ್ನು ಮನೆಯಲ್ಲಿ ಬಿಟ್ಟುಹೋದದ್ದನ್ನೇ ನಾನು ಮರೆತು, ಜೊತೆಗೆ ಕರೆದೊಯ್ದವಳ ಹಾಗೆ ಹಾಯಾಗಿದ್ದೆ. ಬ್ಲೇಡು ಕೆಂಪು ಬಟ್ಟೆಯ ಮೇಲೆ ಹಾಗೇ ನಿಂತಿತು. ತೆಗೆದರೆ ಇನ್ನೊಂದು ಸಲ ಬಿಟ್ಟುಹೋದಂತೆ. ಹಾಗೇ ಇಟ್ಟರೆ ಸುಳ್ಳು.

"ಬಿಚ್ಚೋದಾದ್ರೆ ಕೋಟು ಬಿಚ್ಚು," ಅಂದಳು ಅಕ್ಕ, ಕುರ್ಚಿ ಎಳೆದುಕೊಳ್ಳುತ್ತ. "ಕೆಂಪು ನಂಗೆ ಯಾವತ್ತೂ ಹಿಡಿಸ್ತಿರಲಿಲ್ಲ. ನೀನು ಮೊದಲು ಹೊಲಿದದ್ದು ಅಂತ ಹನ್ನೊಂದು ವರ್ಷ ಹಾಕ್ಕೊಂಡು ತಿರುಗಿದೆ. ಅವತ್ತು ಬಂದಿದ್ರೆ ಹಸಿರು ಸ್ವೆಟರ್ ಹಾಕ್ಕೊಂಡು ಬರ್ತಿದ್ದೆ."

ಆಪರೇಷನ್ ಕೋಣೆಯವರ ಹಸಿರು ಬಟ್ಟೆ ಒಂದು ಗೇಣು ಉಳಿದಿತ್ತು. ನಾನು ಕೋಟು ಬಿಚ್ಚಿದೆ, ಅವಳು ಸೂಜಿಗೆ ದಾರ ಪೋಣಿಸಿದಳು. ಮೂರನೆಯ ಪ್ರಯತ್ನಕ್ಕೆ ಪೋಣಿಸಿ, "ಈಗ ಹೇಳು," ಅಂದಳು. "ನಾಳೆ ಯಾರಾದ್ರೂ ಕೇಳಿದ್ರೆ ನಾನು ಪೆದ್ದುಪೆದ್ದಾಗಿ ನಿಲ್ಲಬಾರದು. ಮೊದಲಿಂದ ಹೇಳು."

"ಹಿಂಬಾಗಿಲು ಮೆಲ್ಲಗೆ ತೆಗೆದ್ವಿ..."

"ಕಿರುಗುಟ್ಟುತ್ತೆ ಅಂತ ನಾನೇ ಎಣ್ಣೆ ಬಿಟ್ಟಿದ್ದೆ. ಆಮೇಲೆ?"

"ಬೀದೀಲಿ ಒಂದು ನರಪಿಳ್ಳೇನೂ ಇರಲಿಲ್ಲ."

"ಇದ್ರು. ಎದುರುಮನೆ ಮೇಷ್ಟ್ರು ಜಗಲಿ ಮೇಲೆ ಕೂತಿದ್ರು. ಕಿಟಕಿಯಿಂದ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಹ್ಞೂಂ, ಆಮೇಲೆ?"

"ಎಡಕ್ಕೆ ತಿರುಗಿ..."

"ನದಿ ಬಲಕ್ಕಲ್ವೇನೇ?"

ಸೂಜಿ ನಿಂತಿತು. ಎದ್ದು ಆ ಹಳೆಯ ಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಂತೆ ನಿಂತು, ಎರಡೂ ಕೈ ಚಾಚಿ ನೋಡಿಕೊಂಡೆ. ಯಾವ ಕಡೆಯೂ ನದಿ ಸಿಗಲಿಲ್ಲ.

"ಕೂತ್ಕೋ, ಹೊತ್ತಾಗ್ತಿದೆ," ಅಂದಳು ಅಕ್ಕ, ಹಸಿರು ತೋಳನ್ನು ಅಂಗೈಯಲ್ಲಿ ಒತ್ತಿ ಹಿಡಿದು. "ಬಲಕ್ಕೇ ಹೋದ್ವಿ."