ನೆನೆಯದ ಪುಟಗಳಿಗೆ ಬಂದ ನೋಟಿಸು

ಈಜುಕೊಳದ ಅಂಚಿನಲ್ಲಿ ಪುಸ್ತಕ ಇಟ್ಟರೆ ಏನಾಗುತ್ತದೆ? ನೆನೆದು ಉಬ್ಬಿ ದಿಂಬಿನಂತಾಗುತ್ತದೆ.

ಈಜು ಟೀಚರ್ ಬರೆದ ಪುಸ್ತಕಕ್ಕೂ ಅದೇ ಗತಿ ಬಂದಿತ್ತು. ನೀರಿಗೆ ಹೆದರುವ ದೊಡ್ಡವರಿಗಾಗಿ ಬರೆದ ಪುಸ್ತಕ ಅದು. ಕಲಿಯಲು ಬಂದವರು ಅದನ್ನು ನೋಡಿಕೊಂಡೇ ನೀರಿಗೆ ಇಳಿಯುತ್ತಿದ್ದರು, ಪುಟಗಳು ಅಂಟಿಕೊಳ್ಳುತ್ತಿದ್ದವು. ಟೀಚರ್ ಒಂದು ಉಪಾಯ ಮಾಡಿದರು. ಮೊದಲ ಕೆಲವು ಪಾಠಗಳನ್ನು ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಚ್ಚು ಹಾಕಿಸಿ ಮಾರತೊಡಗಿದರು. ಎಲ್ಲರಿಗೂ ಖುಷಿಯೋ ಖುಷಿ.

ಆಗ ಬಂತು ಪ್ರಕಾಶಕರ ವಕೀಲರ ನೋಟಿಸು. ಪುಸ್ತಕ ಅಚ್ಚು ಹಾಕಿ ಮಾರುವ ಹಕ್ಕು ಪ್ರಕಾಶಕರಿಗೆ ಮಾತ್ರ. ಹಾಳೆಗಳ ಮಾರಾಟ ನಿಲ್ಲಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದಿತ್ತು.

ಟೀಚರ ಗಂಡ ಕೆಂಡಾಮಂಡಲವಾದರು. "ಬರೆದವಳು ನೀನು. ಕೂತು ಬರೆದೂ ಬರೆದೂ ಬೆನ್ನು ಹಿಡ್ಕೊಂಡಿದ್ದು ನಿಂಗೆ. ಮುಲಾಮು ಹಚ್ಚಿದ್ದು ನಾನು. ಬೇಡ ಅನ್ನೋಕೆ ಇವರ್ಯಾರು? ಆ ನೋಟಿಸನ್ನ ಹರಿದು ಬಿಸಾಕು!"

"ಸುಮ್ನಿರಿ ನೀವು. ಹಾಳೆ ಇಲ್ದಿದ್ರೆ ನಮ್ಮ ಕಲಿಯೋರು ಏನ್ಮಾಡ್ಬೇಕು? ಲಾಯರಮ್ಮನ್ನ ಕೇಳೋಣ ಬನ್ನಿ."

ಲಾಯರಮ್ಮ ಟೀಚರ ಹತ್ತಿರವೇ ಈಜು ಕಲಿಯುತ್ತಿದ್ದರು. ಕಲಿಯುತ್ತಿದ್ದರು ಎನ್ನುವುದು ದೊಡ್ಡ ಮಾತು. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿದ್ದರು.

"ಕರಾರು ಪತ್ರ ಓದಿದ್ರಾ ಟೀಚರ್?"

"ಕೊನೇ ಪುಟ ಓದ್ದೆ. ಸಹಿ ಹಾಕೋದು ಅಲ್ಲೇ ಅಲ್ವಾ?"

ಗಂಡ ದಡದಲ್ಲಿ ಕುಳಿತು, ತಂದಿದ್ದ ಕರಾರನ್ನು ಗಟ್ಟಿಯಾಗಿ ಓದಿದರು: "ಪುಸ್ತಕವನ್ನು ಪೂರ್ತಿಯಾಗಿ ಅಥವಾ ಭಾಗವಾಗಿ ಮುದ್ರಿಸಿ ಮಾರುವ ಏಕಮಾತ್ರ ಹಕ್ಕು ಐದು ವರ್ಷ ಪ್ರಕಾಶಕರದು." ತಲೆ ಎತ್ತಿ ಕೇಳಿದರು: "ಏಕಮಾತ್ರ ಅಂದ್ರೆ ಬೇರೆ ಪ್ರಕಾಶಕರಿಗೆ ಕೊಡ್ಬಾರ್ದು. ಅಷ್ಟೇ ತಾನೇ?"

"ಅಷ್ಟೇ ಅಲ್ಲ ಸಾರ್. ಬರೆದವರೂ ಅಚ್ಚು ಹಾಕಿಸಿ ಮಾರೋ ಹಾಗಿಲ್ಲ. ನಿಮ್ಮ ಮನೇನ ಬಾಡಿಗೆಗೆ ಕೊಟ್ಟಿದೀರಿ ಅಂದ್ಕೊಳ್ಳಿ. ಮನೆ ನಿಮ್ದೇ. ಹಾಗಂತ ಹೋಗಿ ಬಾಡಿಗೆಯವ್ರ ಮಂಚದ ಮೇಲೆ ಮಲಗೋಕಾಗುತ್ತಾ?"

ಕೊಳದಲ್ಲಿದ್ದವರೆಲ್ಲ ನಕ್ಕರು. ಟೀಚರಿಗೆ ಮಾತ್ರ ನಗು ಬರಲಿಲ್ಲ. "ಹಾಗಾದ್ರೆ ನನ್ನ ಪುಸ್ತಕ ಹೋಯ್ತಾ?"

"ಎಲ್ಲಿಗೆ ಹೋಗುತ್ತೆ? ಮುಂದಿನ ಪುಟ ಓದಿ ಸಾರ್."

ಅವರು ಓದಿದರು. ಕೃತಿಸ್ವಾಮ್ಯ ಲೇಖಕಿಯದೇ, ಅನುವಾದದ ಹಕ್ಕೂ ಧ್ವನಿಪುಸ್ತಕದ ಹಕ್ಕೂ ಅವರದೇ ಎಂದು ಸ್ಪಷ್ಟವಾಗಿತ್ತು.

"ನೋಡಿದ್ರಾ? ಇನ್ನೊಂದು ಮಾತು, ನೋಟಿಸು ಅಂದ್ರೆ ತೀರ್ಪಲ್ಲ. ಹರಿದು ಹಾಕೋದೂ ಬೇಡ, ಹೆದರೋದೂ ಬೇಡ. ಮಾರೋದು ಇವತ್ತೇ ನಿಲ್ಸಿ. ಉತ್ತರ ನಾನು ಬರೀತೀನಿ. ಪ್ರಕಾಶಕರನ್ನ ಇಲ್ಲಿಗೇ ಕರೀರಿ."

ಪ್ರಕಾಶಕರು ಮುಖ ಗಂಟಿಕ್ಕಿಕೊಂಡೇ ಬಂದರು. ಬೆಂಚಿನ ಮೇಲೆ ಒಣಗಲು ಇಟ್ಟಿದ್ದ ಪುಸ್ತಕವೊಂದನ್ನು ಎತ್ತಿದರು. ರಟ್ಟು ಕೈಗೆ ಬಂತು, ಪುಸ್ತಕ ಬೆಂಚಿನಲ್ಲೇ ಉಳಿಯಿತು.

"ಅಯ್ಯೋ! ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಟೀಚರ್? ಪ್ಲಾಸ್ಟಿಕ್ ಹಾಳೇಲಿ ನಾನೇ ಅಚ್ಚು ಹಾಕಿಸ್ತಿದ್ದೆ."

"ನೋಟಿಸಿಗೆ ಮುಂಚೆ ನೀವೊಂದು ಫೋನ್ ಮಾಡ್ಬಾರ್ದಿತ್ತಾ?"

ಗಂಟಿಕ್ಕಿದ ಮುಖ ಸಡಿಲವಾಯಿತು. ನೀರಿಗೆ ಕೆಡದ ಆವೃತ್ತಿಯನ್ನು ಪ್ರಕಾಶಕರೇ ತರುವುದು, ಟೀಚರಿಗೆ ಅದರ ಆದಾಯದಲ್ಲೂ ಪಾಲು ಕೊಡುವುದು, ಅಲ್ಲಿಯವರೆಗೆ ಹಾಳೆಗಳನ್ನು ತರಗತಿಯಲ್ಲಿ ಉಚಿತವಾಗಿ ಹಂಚಲು ಬಿಡುವುದು ಎಂದು ಒಪ್ಪಂದವಾಯಿತು. ನೋಟಿಸನ್ನು ಹಿಂದಕ್ಕೆ ಪಡೆದದ್ದೂ ಬರಹದಲ್ಲೇ ಬಂತು.

ಹೊಸ ಕರಾರಿಗೆ ಸಹಿ ಹಾಕಲು ಟೀಚರ್ ಪೆನ್ನು ತೆಗೆದರು. ಗಂಡ ಕೈ ಹಿಡಿದರು. "ತಾಳೇ. ಮೂರನೇ ಕಲಮು ನಂಗಿನ್ನೂ ಅರ್ಥ ಆಗಿಲ್ಲ."

ಪ್ರಕಾಶಕರು ಕುರ್ಚಿ ಎಳೆದುಕೊಂಡು ಕುಳಿತು ಬಿಡಿಸಿ ಹೇಳಿದರು. ಆಮೇಲೆಯೇ ಸಹಿ ಬಿತ್ತು.

ಓದುಗರೇ, ನೀವು ಬರೆದದ್ದನ್ನೂ ಯಾರಾದರೂ ಪ್ರಕಟಿಸುತ್ತೇವೆ ಎಂದು ಬಂದರೆ ಸಂತೋಷಪಡಿ. ಜೊತೆಗೇ ಕೇಳಿ: ಯಾವ ಹಕ್ಕು, ಯಾವ ರೂಪದಲ್ಲಿ, ಎಷ್ಟು ವರ್ಷ? ನನಗೆ ಉಳಿಯುವುದೇನು? ಸಹಿಯಾದ ಒಂದು ಪ್ರತಿ ಮನೆಯಲ್ಲಿರಲಿ. ಕೊಟ್ಟ ಮಾತನ್ನು ನೀವೂ ಉಳಿಸಿಕೊಳ್ಳಿ. ಅರ್ಥವಾಗದ ಸಾಲು ಒಂದೇ ಒಂದಿದ್ದರೂ ತಿಳಿದವರನ್ನು ಕೇಳಿ. ಅಲ್ಲಿಯವರೆಗೆ ಪೆನ್ನು ಜೇಬಿನಲ್ಲೇ ಇರಲಿ.