ಕಿಂಡಿಯಿಲ್ಲದ ಮನೆ

"ಚಾವಡ್ಯಾಗ ಹುಟ್ಟಿದ ಮಗ ನೀ. ಮನಿ ಎಲ್ಲಿ ಕಟ್ಟಬೇಕು ಅಂತ ನಮಗ ಕಲಿಸ್ತೀ ಏನಲೇ?"

ಮಂಡಲ ಪಂಚಾಯತಿಯ ಸಭೆಯಲ್ಲಿ, ಇಡೀ ಊರಿನ ಮುಂದೆ, ಗಿರಣಿಯ ಸಾಹುಕಾರ ಕಲ್ಯಾಣಪ್ಪ, ಮನೆ ಕಟ್ಟುವ ಗೌಂಡಿ ಹಣಮಂತ್ರಾಯನಿಗೆ ಹೀಗೆ ಅಂದ. ಕೂತವರು ನಕ್ಕರು. ನಗಬಾರದೆಂದು ತಿಳಿದವರೂ ನಕ್ಕರು, ಯಾಕೆಂದರೆ ಅವರ ಜೋಳ ಹಿಟ್ಟಾಗುವುದು ಕಲ್ಯಾಣಪ್ಪನ ಗಿರಣಿಯಲ್ಲಿ.

ಊರಿನ ಹೆಸರು ಬೇಡ. ಘತ್ತರಗಿಗೆ ಹೋಗುವ ದಾರಿಯಲ್ಲಿದೆ ಅಂದರೆ ಸಾಕು. ನಿಮ್ಮ ಊರೇ ಅಂದುಕೊಂಡರೂ ತಪ್ಪಿಲ್ಲ.

ಕಲ್ಯಾಣಪ್ಪನ ಮಾತು ಸುಳ್ಳಾಗಿರಲಿಲ್ಲ. ಹಣಮಂತ್ರಾಯನ ತಾಯಿ ಜೇವರ್ಗಿ ಕಡೆಯಿಂದ ಕಲ್ಲು ಒಡೆಯಲು ಬಂದವಳು. ಸುರಿಯುವ ಮಳೆಯಲ್ಲಿ ಹೊಟ್ಟೆನೋವು ಎದ್ದಾಗ ಒಂದು ಮನೆಯ ಬಾಗಿಲೂ ತೆರೆಯಲಿಲ್ಲ. ಊರ ಚಾವಡಿಯಲ್ಲಿ ಹೆತ್ತಳು. ಹೊಕ್ಕುಳಬಳ್ಳಿ ಕೊಯ್ದವಳು ಸುಲ್ತಾನಬಿ. ಆಗಲೂ ಸುಲ್ತಾನಬಿಗೆ ಚಾವಡಿಯೇ ಮನೆ, ಈ ಸಭೆಯ ಹೊತ್ತಿಗೂ ಅದೇ. ಹರಕು ಸೀರೆ ಕೂಡಿಸಿ ಊರವರಿಗೆ ಕೌದಿ ಹೊಲಿಯುತ್ತ ಮುದುಕಿಯಾಗಿದ್ದಳು. ಊರಿಗೆಲ್ಲ ಹೊದಿಕೆ ಹೊಲಿದವಳ ತಲೆಯ ಮೇಲೊಂದು ಮಾಡು ಬೇಕೆಂದು ಊರಿಗೆ ಅನಿಸಿರಲಿಲ್ಲ.

ಅವಳ ಜೊತೆ ಸುಂದರಬಾಯಿ ಇದ್ದಳು. ಮೂರ್ಛೆ ಬರುತ್ತದೆಂದು ಗಂಡ ಬಿಟ್ಟ. ಅಣ್ಣಂದಿರು ಅವಳನ್ನು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಕರೆತಂದು, ಇನ್ನು ತಾಯಿಯೇ ನೋಡಿಕೊಳ್ಳುತ್ತಾಳೆಂದು ಕೈಮುಗಿದು, ಮುಂದಿನ ಬಸ್ಸು ಹತ್ತಿದರು. ದೇವಿಗೆ ಎಷ್ಟು ಜನರನ್ನು ಹೀಗೆ ಒಪ್ಪಿಸಿದ್ದೇವೆ ನಾವು! ಸುಂದರಬಾಯಿ ಅಲ್ಲಿಂದ ನಡೆಯುತ್ತ ಈ ಊರಿಗೆ ಬಂದಳು. ಬಾಗಿಲೇ ಇಲ್ಲದ ಚಾವಡಿಯ ಮುಂದೆ ದಿನಾ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ಹೋಗುವವರು ಬರುವವರು ಇಬ್ಬರಿಗೂ ರೊಟ್ಟಿ ಕೊಡುತ್ತಿದ್ದರು. ಅಷ್ಟಕ್ಕೆ ಪುಣ್ಯ ಬಂತೆಂದು ತಿಳಿಯುತ್ತಿದ್ದರು.

ಹೊಸದಾಗಿ ಮಂಡಲ ಪಂಚಾಯತಿ ಬಂತು. ಚಾವಡಿ ಆಫೀಸಾಗಬೇಕಾಯಿತು. ಆವಾಗ ಊರಿಗೆ ಒಮ್ಮೆಲೇ ಕರುಣೆ ಹುಟ್ಟಿತು: ಈ ಹೆಂಗಸರಿಗೆ ಎರಡು ಖೋಲಿಯ ಮನೆ ಕಟ್ಟಿಕೊಡಬೇಕು.

ಎಲ್ಲಿ ಕಟ್ಟಬೇಕು ಅನ್ನುವುದೇ ಜಗಳ. ಗಿರಣಿಯ ಬಾಜೂಕ ಊರ ಜಾಗ ಖಾಲಿ ಇದೆ, ಅಲ್ಲೇ ಇದ್ದ ಮನೆಯ ಗೋಡೆಗೆ ಹಚ್ಚಿ ಕಟ್ಟೋಣ ಎಂದು ಹಣಮಂತ್ರಾಯ ಹೇಳಿದ. ನರ್ಸ್ ಸುಭದ್ರಾಬಾಯಿಯೂ ಅದನ್ನೇ ಹೇಳಿದಳು. ಸುಂದರಬಾಯಿಗೆ ಗುಳಿಗೆ ದಿನಾ ತಪ್ಪಬಾರದು, ಬಿದ್ದರೆ ಎತ್ತಲು ಜನ ಬೇಕು ಎಂದಳು. ಆದರೆ ಆ ಗೋಡೆ ಕಲ್ಯಾಣಪ್ಪನ ಮನೆಯದು. ಅದಕ್ಕೇ ಆ ಬೈಗುಳ. ಬೈದು ಮುಗಿಸಿದ ಮೇಲೆ ಜಾಗವನ್ನೂ ಅವನೇ ತೋರಿಸಿದ.

"ಹಳ್ಳದ ಆಚಿಗಿ, ಸುಡುಗಾಡ ಬಾಜೂಕ ಕಟ್ರಿ. ಅವರಿಗೂ ಶಾಂತಿ, ನಮಗೂ ಶಾಂತಿ."

ನಮ್ಮ ಕಡೆಯ ಕಲ್ಲಿನ ಮನೆಗಳು ನಿಮಗೆ ಗೊತ್ತು. ಎರಡು ಮನೆಗೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಕೆಂಡ ಬರುತ್ತದೆ, ಮಜ್ಜಿಗೆ ಹೋಗುತ್ತದೆ, ಒಮ್ಮೊಮ್ಮೆ ಜಗಳವೂ ಹಾಯುತ್ತದೆ. ಒಲೆ ಹೊತ್ತದಿದ್ದರೆ "ಯಾಕಬೇ, ಇವತ್ತ ಹೊಗಿ ಕಾಣವಲ್ದು?" ಎಂದು ಕೇಳುವುದು ಆ ಕಿಂಡಿಯೇ. ಕಿಂಡಿ ಬಿಡುವುದನ್ನು ಯಾವ ಗೌಂಡಿಯೂ ಮರೆಯುವುದಿಲ್ಲ. ಆದರೆ ಹಳ್ಳದಾಚೆ ಕಿಂಡಿ ಯಾರ ಕಡೆಗೆ ಬಿಡಬೇಕು? ಸತ್ತವರ ಕಡೆಗೋ?

ಇದನ್ನು ಸಭೆಯಲ್ಲಿ ಕೇಳಬೇಕೆಂದು ಹಣಮಂತ್ರಾಯನ ಗಂಟಲವರೆಗೆ ಬಂದಿತ್ತು. ಜನರ ನಗು ಅದನ್ನು ಒಳಗೇ ಒತ್ತಿತು. ಅವನು ತಲೆ ತಗ್ಗಿಸಿ ಹಳ್ಳದಾಚೆ ಎರಡು ಖೋಲಿ ಕಟ್ಟಿದ. ಗೋಡೆಗಳು ಗಟ್ಟಿಯಾಗಿದ್ದವು. ಕಿಂಡಿ ಇರಲಿಲ್ಲ.

ಮನೆ ತೆರೆದ ದಿನ ಹುಗ್ಗಿ ಮಾಡಿದರು. ಕಲ್ಯಾಣಪ್ಪ ಹಾರ ಹಾಕಿಸಿಕೊಂಡು ದಾಸೋಹದ ಬಗ್ಗೆ ಭಾಷಣ ಮಾಡಿದ. ಹುಗ್ಗಿ ಉಂಡವರು ಹಳ್ಳ ದಾಟಿ ಮನೆಗೆ ಹೋದರು, ತಿರುಗಿ ಆ ಕಡೆ ಹಾಯಲಿಲ್ಲ. ಚಾವಡಿಯ ಮುಂದೆ ದಾರಿಯಿತ್ತು, ದಾರಿಯಲ್ಲಿ ಜನರಿದ್ದರು, ಜನರ ಕೈಯಲ್ಲಿ ರೊಟ್ಟಿ ಇತ್ತು. ಇಲ್ಲಿ ದಾರಿಯೇ ಇರಲಿಲ್ಲ. ಸುಭದ್ರಾಬಾಯಿ ಒಬ್ಬಳೇ ಗುಳಿಗೆ ತೆಗೆದುಕೊಂಡು ಹೋಗಿ ಬರುತ್ತಿದ್ದಳು.

ಮಳೆ ಬಂತು. ಹಳ್ಳ ತುಂಬಿತು. ಸುಭದ್ರಾಬಾಯಿ ಈಚೆ ದಂಡೆಯಲ್ಲಿ ನಿಂತಳು, ಗುಳಿಗೆಗಳು ಅವಳ ಚೀಲದಲ್ಲೇ ಉಳಿದವು. ಒಲೆಯ ಮುಂದೆ ಕೂತಿದ್ದ ಸುಂದರಬಾಯಿಗೆ ಮೂರ್ಛೆ ಬಂತು, ಒಲೆಯ ಮೇಲೇ ಬಿದ್ದಳು. ಸುಲ್ತಾನಬಿಯ ಮುದಿ ಕೈಗೆ ಎಳೆದು ತೆಗೆಯುವಷ್ಟು ಬಲ ಕೂಡಲೇ ಬರಲಿಲ್ಲ. ಎಳೆದು ಹಾಕಿ, ಕೌದಿ ಹೊಚ್ಚಿ, ದಂಡೆಗೆ ಬಂದು ಕೂಗಿದಳು. ಹಳ್ಳದ ಸಪ್ಪಳದಲ್ಲಿ ಅವಳ ಕೂಗು ಯಾರ ಕಿವಿಗೂ ಮುಟ್ಟಲಿಲ್ಲ.

ನೀರು ಇಳಿದ ಮೇಲೆ ಜನ ಹೋದರು. ಸುಂದರಬಾಯಿ ತಣ್ಣಗಾಗಿದ್ದಳು. ಹೊತ್ತೊಯ್ಯುವ ಕಷ್ಟ ಕೂಡ ಊರಿಗೆ ಇರಲಿಲ್ಲ. ಸುಡುಗಾಡು ಬಾಜೂಕೇ ಇತ್ತಲ್ಲ.

ಹಣೆಬರಹ ಅಂದರು, ಭಾಗ್ಯವಂತಿಯ ಕೋಪ ಅಂದರು. ಸುಲ್ತಾನಬಿ ಮಾತ್ರ ತನ್ನ ಗಂಟು ಹೊತ್ತು ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತಳು. ಏಳು ಎಂದವರಿಗೆ ಅಂದಳು, "ಸತ್ತ ಮ್ಯಾಲ ಎಲ್ಲಾರೂ ಸುಡುಗಾಡಿಗೇ ಹೋಗೂದು, ಬೇಟಾ. ಜೀವ ಇದ್ದಾಗನೇ ಯಾಕ ಕಳಿಸ್ತೀರಿ?"

ಆ ಮಾತು ಕಲ್ಯಾಣಪ್ಪನ ಹೆಂಡತಿ ಗಂಗಾಬಾಯಿಯ ಎದೆಯಲ್ಲಿ ನಾಟಿತು. ಅವಳು ಸುಭದ್ರಾಬಾಯಿಯನ್ನು ಮನೆಗೆ ಕರೆಸಿದಳು. ಅವಳ ಜೊತೆ ಬಂದ ಹಣಮಂತ್ರಾಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಒಳಗಿನ ಮಾತು ಕೇಳುತ್ತಿತ್ತು. ಗುಡಿಯಲ್ಲಿ ಮೂರ್ಛೆಯ ಇನ್ನೊಬ್ಬ ಹೆಂಗಸನ್ನು ಬಿಟ್ಟುಹೋಗಿದ್ದಾರಂತೆ, ಆದರೆ ಮೂರ್ಛೆ ಅಂಟುತ್ತದಲ್ಲ, ಬಿದ್ದವರನ್ನು ಮುಟ್ಟಬಾರದಲ್ಲ ಎಂದು ಗಂಗಾಬಾಯಿ ಕೇಳಿದಳು.

"ಅಂಟೂದಿಲ್ರಿ ಅಕ್ಕಾ. ಬಿದ್ರ ಬೆಂಕಿ, ಕಲ್ಲು ದೂರ ಸರಿಸಿ ಮಗ್ಗಲಾಗಿ ಮಲಗಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಗುಳಿಗಿ ನಾ ತಂದು ಕೊಡ್ತೇನಿ. ದಿನಾ ನುಂಗ್ಯಾರೋ ಇಲ್ಲೋ ನೋಡಾಕ ಬಾಜೂ ಮನಿಯವ್ರು ಬೇಕು. ಮನಿ ಅಂದ್ರ ಬರೀ ಗ್ವಾಡಿ ಅಲ್ರಿ."

ಕಲ್ಯಾಣಪ್ಪ ಗೊಣಗಿದ. ಮಗಳ ಲಗ್ನಕ್ಕೆ ಬಂದವರು ಬಾಜೂಕ ಇಂಥವರನ್ನು ನೋಡಿದರೆ ಏನಂದಾರು ಎಂದ.

"ನಾಳಿ ನಮ್ಮ ಮಗಳಿಗೇ ಮೂರ್ಛಿ ಬಂದ್ರ?" ಅಂದಳು ಗಂಗಾಬಾಯಿ. "ಆಕೀನ್ನೂ ಹಳ್ಳದ ಆಚಿಗಿ ಇಡ್ತೀರೇನ್ರಿ?"

ಕಲ್ಯಾಣಪ್ಪ ಹೊರಗೆ ಹೋಗಲು ಎದ್ದ. ಗಂಗಾಬಾಯಿ ತಡೆದಳು.

"ನಮ್ಮ ಗ್ವಾಡಿಗೇ ಹಚ್ಚಿ ಕಟ್ಲಿ. ಕಿಂಡಿ ನಮ್ಮ ಅಡಿಗಿಮನಿಗಿ ಬಿಡ್ಲಿ. ನಾ ಕೇಳ್ಕೋತೇನಿ."

ಈ ಸಲ ಮೊದಲು ಸುಲ್ತಾನಬಿಯನ್ನು ಕೇಳಿದರು. ಬಾಗಿಲು ದಾರಿಗೆ ಮುಖ ಮಾಡಲಿ, ಜನರ ಮುಖ ಕಾಣಲಿ ಎಂದಳು. ಹಾಗೇ ಕಟ್ಟಿದರು. ಓಣಿಯ ಮನೆಗಳು ರೊಟ್ಟಿಗೆ, ನೀರಿಗೆ ಸರದಿ ಹಚ್ಚಿಕೊಂಡವು. ಮನೆಯವರು ಗುಡಿಯಲ್ಲಿ ಬಿಟ್ಟುಹೋದ ಆ ಹೆಂಗಸು ಎರಡನೆಯ ಖೋಲಿಗೆ ಬಂದಳು. ಗಂಗಾಬಾಯಿ ಈಗಲೂ ಕಿಂಡಿಯಿಂದ ಅವಳಿಗೆ ಗುಳಿಗೆ, ನೀರು ಕೊಟ್ಟು, ನುಂಗುವವರೆಗೂ ಅಲ್ಲೇ ನಿಲ್ಲುತ್ತಾಳೆ.

ಬಾಗಿಲು ತೆರೆದ ದಿನ ಮತ್ತೆ ಇಡೀ ಊರು ಸೇರಿತು. ಕಲ್ಯಾಣಪ್ಪ ಈ ಸಲ ಹಾರವನ್ನು ತಾನು ಹಾಕಿಸಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ಹಣಮಂತ್ರಾಯನ ಮುಂದೆ ನಿಂತ.

"ಅವತ್ತ ಸಿಟ್ಟಿನಾಗ ಒಂದು ಮಾತ ಅಂದೆ, ಬಿಟ್ಟುಬಿಡಪಾ. ಈಗರ ಎಲ್ಲಾ ಬರೋಬ್ಬರಿ ಆಯ್ತಿಲ್ಲೋ?"

ಹಣಮಂತ್ರಾಯನ ಉತ್ತರಕ್ಕಿಂತ ಮೊದಲು ನಿಮಗೊಂದು ಮಾತು, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಊರಿನ ಬಸ್‌ ಸ್ಟ್ಯಾಂಡಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಮಲಗುವವರು ಯಾರು? ಅವರ ಹೆಸರಾದರೂ ಗೊತ್ತೇ? ಪಂಚಾಯತಿಗೆ ಹೋಗಿ, ಅವರಿಗೆ ಮನೆ ಕೇಳಿ. ಊರ ಹೊರಗಲ್ಲ, ಊರ ಒಳಗೆ ಕೇಳಿ. ನೀರು, ದವಾಖಾನೆ, ಕೂಗಿದರೆ ಓಗೊಡುವ ನೆರೆಮನೆ ಹತ್ತಿರ ಇರಲಿ. ಅಲ್ಲಿ ಇರುವವರನ್ನೇ ಮೊದಲು ಕೇಳಿ ಕಟ್ಟಿ. ಕಟ್ಟಿ ಕೈ ತೊಳೆದುಕೊಳ್ಳಬೇಡಿ, ದಿನಾ ಹೋಗಿ ಮಾತಾಡಿಸಿ. ಇದನ್ನು ಕಲಿಯಲು ನಿಮ್ಮ ಊರಿಗೂ ಒಂದು ಹೆಣ ಬೇಕಾಗದಿರಲಿ.

ಹಣಮಂತ್ರಾಯ ಕರಣೆಗೆ ಹತ್ತಿದ ಗಾರೆಯನ್ನು ಒರೆಸಿ ಚೀಲಕ್ಕೆ ಹಾಕಿದ. ರಂಗೋಲಿಯಿಲ್ಲದ ಹೊಸ ಹೊಸ್ತಿಲನ್ನು ಒಮ್ಮೆ ನೋಡಿದ. ಕಲ್ಯಾಣಪ್ಪನ ಕೈ ಹಾರದ ಸಮೇತ ಚಾಚಿಕೊಂಡೇ ಇತ್ತು. ಹಣಮಂತ್ರಾಯ ಜನರ ನಡುವಿನಿಂದ ದಾಟಿ, ಹಳ್ಳದಾಚೆ ಸುಂದರಬಾಯಿಯಿದ್ದ ಸುಡುಗಾಡಿನ ಕಡೆ ನಡೆದುಹೋದ.